ಆಷಾಢಕ್ಕೆ ಕಾಯದ ಅರವತ್ತು ದಿನ

ಕನ್ನಡ ಕೂಟದ ಬಂಧುಗಳೇ, ಮನೆ ಕೊಳ್ಳುವುದು ಹೇಗೆಂದು ಹೇಳಲು ನಾನು ಬಂದಿಲ್ಲ. ಕ್ಯಾಲಿಫೋರ್ನಿಯಾದ ಈ ಬೇ ಏರಿಯಾದ ಬೆಲೆಗೆ ಮನೆ ಕೊಂಡವರಿಗೆ ಹೇಳಿಕೊಡಲು ನನ್ನಲ್ಲಿ ಏನೂ ಉಳಿದಿಲ್ಲ. ಆ ಮನೆಯ ಪತ್ರ ಕೌಂಟಿ ರೆಕಾರ್ಡರ್ ಕಚೇರಿಗೆ, ಅಂದರೆ ಇಲ್ಲಿನ ಜಿಲ್ಲೆಯ ದಾಖಲೆ ಕಚೇರಿಗೆ, ಹೋದ ಮೇಲೆ ಏನಾಗುತ್ತದೆ ಎಂಬುದಷ್ಟೇ ನನ್ನ ವಿಷಯ.

ಊರಿನಲ್ಲಾದರೆ ಕೊಡುವವರು, ಕೊಳ್ಳುವವರು ಸಬ್ ರಿಜಿಸ್ಟ್ರಾರ್ ಎದುರು ಹೆಬ್ಬೆಟ್ಟು ಒತ್ತಿ, ಫೋಟೊ ತೆಗೆಸಿಕೊಳ್ಳಬೇಕು. ಇಲ್ಲಿ ಕೌಂಟಿಯವರು ನಿಮ್ಮ ಮುಖವನ್ನೂ ನೋಡಬೇಕಾಗಿಲ್ಲ. ಸಹಿ ಹಾಕಿದವರು ಯಾರೆಂದು ನೋಡುವುದು ನೋಟರಿಯ ಕೆಲಸ. ನಮೂನೆ ಸರಿಯಿದ್ದು ಶುಲ್ಕ ಕಟ್ಟಿದ್ದರೆ ಪತ್ರಕ್ಕೊಂದು ಸಂಖ್ಯೆ ಬೀಳುತ್ತದೆ. ಕೊಟ್ಟವರ, ಪಡೆದವರ ಹೆಸರು ಸೂಚಿಗೆ ಸೇರುತ್ತದೆ. ಕಚೇರಿ ದಾಖಲಿಸುತ್ತದೆ, ತೀರ್ಪು ಕೊಡುವುದಿಲ್ಲ. ಈ ಮಾತನ್ನು ಇವತ್ತು ಮತ್ತೆ ಮತ್ತೆ ಹೇಳುತ್ತೇನೆ, ಸಹಿಸಿಕೊಳ್ಳಿ.

ಹಾಗಾದರೆ ದಾಖಲಿಸುವುದೇಕೆ? ಒಂದೇ ಮನೆಯನ್ನು ಇಬ್ಬರಿಗೆ ಮಾರಿದ ಭೂಪನಿದ್ದಾನೆ ಎಂದುಕೊಳ್ಳಿ. ಹಿಂದಿನ ವ್ಯವಹಾರ ತಿಳಿಯದೆ ಹಣ ಕೊಟ್ಟು, ತನ್ನ ಪತ್ರವನ್ನು ಮೊದಲು ದಾಖಲಿಸಿದ ಎರಡನೆಯವನೇ ಕ್ಯಾಲಿಫೋರ್ನಿಯಾದಲ್ಲಿ ಗೆಲ್ಲುತ್ತಾನೆ. ಮೊದಲನೆಯವನು ಪತ್ರವನ್ನು ಬೀರುವಿನಲ್ಲಿಟ್ಟು ಕುಳಿತಿದ್ದರೆ ಕೆಟ್ಟ.

ಬೀರು ಎಂದಾಗ ನೆನಪಾಯಿತು. ನಮ್ಮ ಹಿರಿಯರೊಬ್ಬರು, ಹೆಂಡತಿ ತೀರಿಕೊಂಡಿದ್ದರು, ಮನೆ ಮಗಳಿಗೆ ಹೋಗಲಿ ಎಂದು ಟ್ರಾನ್ಸ್‌ಫರ್ ಆನ್ ಡೆತ್ ಡೀಡ್, ಅಂದರೆ ಸತ್ತ ಮೇಲೆ ಮನೆ ಕೋರ್ಟಿಗೆ ಹೋಗದೆ ಹೆಸರಿಸಿದವರಿಗೆ ಸೇರುವ ಪತ್ರ, ಮಾಡಿಸಿದರು. 2016ರಿಂದ ಇಲ್ಲಿ ಈ ಅನುಕೂಲವಿದೆ. ಜ್ಯೇಷ್ಠ ಮಾಸದಲ್ಲಿ ನೋಟರಿ ಎದುರು ಸಹಿಯಾಯಿತು. ಕೌಂಟಿಗೆ ಹೋಗಬೇಕೆನ್ನುವಷ್ಟರಲ್ಲಿ ಆಷಾಢ ಬಂತು. ‘ಆಷಾಢದಲ್ಲಿ ಬೇಡಪ್ಪ’ ಎಂದು ಪತ್ರವನ್ನು ದೇವರ ಮನೆಯಲ್ಲಿಟ್ಟರು. ಶ್ರಾವಣದಲ್ಲಿ ವರಮಹಾಲಕ್ಷ್ಮಿ ಹಬ್ಬ ಕಳೆಯಲಿ ಎಂದರು. ಆಮೇಲೆ ಗಣೇಶ, ಅದರ ಹಿಂದೆಯೇ ಪಿತೃಪಕ್ಷ! ದಸರೆಗೆ ಮೊದಲೇ ಅವರು ಹೊರಟುಹೋದರು. ನೋಟರಿ ಎದುರು ಸಹಿಯಾಗಿ ಅರವತ್ತು ದಿನದೊಳಗೆ ದಾಖಲಾಗದಿದ್ದರೆ ಆ ಡೀಡ್ ಊರ್ಜಿತವಲ್ಲ. ಕಾನೂನಿಗೆ ಪಂಚಾಂಗ ಗೊತ್ತಿಲ್ಲ. ಮೂಲೆಗೆ ಅರಿಶಿನ ಕುಂಕುಮ ಮೆತ್ತಿದ್ದ ಪತ್ರವನ್ನು ಮಗಳು ಕೌಂಟರಿಗೆ ಒಯ್ದಾಗ ಗುಮಾಸ್ತರು ಶುಲ್ಕ ಪಡೆದು, ಮುದ್ರೆ ಒತ್ತಿಯೇ ಕೊಟ್ಟರು. ಕಚೇರಿ ದಾಖಲಿಸುತ್ತದೆ, ತೀರ್ಪು ಕೊಡುವುದಿಲ್ಲ! ಆಕೆ ಸತ್ತವರ ಆಸ್ತಿಯನ್ನು ವಾರಸುದಾರರಿಗೆ ಸೇರಿಸುವ ಪ್ರೊಬೇಟ್ ಕೋರ್ಟಿಗೆ ಅಲೆಯಬೇಕಾಯಿತು.

ಈ ನಿರ್ಲಿಪ್ತತೆಯ ಇನ್ನೊಂದು ಮುಖ ನೋಡಿ. ಬಿಳಿಯರಲ್ಲದವರಿಗೆ ಈ ಜಾಗ ಮಾರಬಾರದು ಎಂಬ ಷರತ್ತುಗಳನ್ನೂ ಇದೇ ಕಚೇರಿಗಳು ದಾಖಲಿಸಿಕೊಂಡವು. ನ್ಯಾಯಾಲಯಗಳು ಅವನ್ನು ಜಾರಿ ಮಾಡುವಂತಿಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1948ರಲ್ಲೇ ಹೇಳಿತು. ಕಾಗದಗಳು ಮಾತ್ರ ಹಾಗೆಯೇ ಉಳಿದವು. 2021ರ ರಾಜ್ಯ ಕಾನೂನಿನ ಪ್ರಕಾರ ಕೌಂಟಿಗಳು ಈಗ ಅವನ್ನು ಹುಡುಕಿ ಮಸಿ ಬಳಿಯುತ್ತಿವೆ. ಸಾಂಟಾ ಕ್ಲಾರಾ ಕೌಂಟಿಯಲ್ಲಿ ಈ ಹುಡುಕಾಟಕ್ಕೆ ಸ್ಟ್ಯಾನ್‌ಫರ್ಡ್‌ನವರ ಕೃತಕ ಬುದ್ಧಿಮತ್ತೆ ನೆರವಾಗಿದೆ. ನಿಮ್ಮ ಮನೆಯ ಹಳೆಯ ಪತ್ರ ತೆಗೆಸಿ ಓದಿ. ನಾವು ನೀವು ಇರಬಾರದೆಂದು ಬರೆದ ಜಾಗದಲ್ಲೇ ತುಳಸಿಕಟ್ಟೆ ಕಟ್ಟಿರಬಹುದು.

ಚೀಟಿ ಬಂತು; ಊಟ ತಣ್ಣಗಾಗುತ್ತಿದೆಯಂತೆ. ವರ್ಗಾವಣೆ ತೆರಿಗೆಯ ವಿಷಯ ಬಿಟ್ಟೆ. ಒಂದು ಎಚ್ಚರಿಕೆ ಮಾತ್ರ ಹೇಳಿಬಿಡುತ್ತೇನೆ. ಹೊಸ ಮನೆ ಕೊಂಡವರಿಗೆ ಸರ್ಕಾರಿ ಕಾಗದದಂತೆ ಕಾಣುವ ಪತ್ರವೊಂದು ಬರುತ್ತದೆ, ಡೀಡ್‌ನ ಪ್ರತಿಗೆ ದೊಡ್ಡ ಮೊತ್ತ ಕೇಳುತ್ತದೆ. ಕಳಿಸಬೇಡಿ. ಕೌಂಟಿಯಲ್ಲೇ ಕೇಳಿದರೆ ಕೆಲವೇ ಡಾಲರಿಗೆ ಪ್ರತಿ ಸಿಗುತ್ತದೆ.