ಬ್ರಿಟನ್ನಿನಲ್ಲಿ ಕ್ಯಾರವಾನ್ ಕೊಳ್ಳಬೇಕೇ? ಊರಿಗೆ ಹೋಗುವ ವರ್ಷವನ್ನೂ ಸೇರಿಸಿದ ಲೆಕ್ಕ

[ದೃಶ್ಯ: ಜುಲೈ ಕೊನೆಯ ವಾರದ ಎಂ5 ಹೆದ್ದಾರಿ. ಎಡಪಥದಲ್ಲಿ ಕಾರುಗಳ ಹಿಂದೆ ಸಾಲಾಗಿ ಸಾಗುತ್ತಿರುವ ಬಿಳಿ ಕ್ಯಾರವಾನುಗಳು.]

ನಿರೂಪಣೆ: ನಮಸ್ಕಾರ. ಇಂಗ್ಲೆಂಡಿನ ಶಾಲೆಗಳಿಗೆ ಬೇಸಿಗೆ ರಜೆ ಸಿಗುತ್ತಿದ್ದಂತೆ ಡೆವನ್, ಕಾರ್ನ್‌ವಾಲ್ ಕಡೆಗಿನ ಈ ಹೆದ್ದಾರಿ ಕ್ಯಾರವಾನುಗಳಿಂದ, ಅಂದರೆ ಒಳಗೆ ಮಲಗಿ ಅಡುಗೆಯನ್ನೂ ಮಾಡಿಕೊಳ್ಳಬಹುದಾದ ಚಕ್ರದ ಮೇಲಿನ ಪುಟ್ಟ ಮನೆಗಳಿಂದ, ತುಂಬಿಹೋಗುತ್ತದೆ. ಅದೇ ಹೊತ್ತಿಗೆ ಕಡಲತೀರದ ಕಾಟೇಜುಗಳ ಬಾಡಿಗೆ ಏರಿ ಕುಳಿತಿರುವುದನ್ನು ನೋಡಿದವರಿಗೆ, ನಾವೂ ಒಂದು ಕ್ಯಾರವಾನ್ ಕೊಂಡುಬಿಟ್ಟರೆ ಪ್ರತಿ ವರ್ಷದ ಈ ತಲೆನೋವು ತಪ್ಪುತ್ತದಲ್ಲವೇ ಎಂಬ ಯೋಚನೆ ಬರುವುದು ಸಹಜ. ಇಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗೆ ಈ ಖರೀದಿ ಹೊಂದುತ್ತದೆಯೇ ಎಂಬುದನ್ನು ಇಂದಿನ ವಿಡಿಯೋದಲ್ಲಿ ನೋಡೋಣ. ಕಾರಿನ ಹಿಂದೆ ಕಟ್ಟಿ ಎಳೆಯುವ ಟೂರಿಂಗ್ ಕ್ಯಾರವಾನ್ ಬಗ್ಗೆ ಮಾತ್ರ ಇಲ್ಲಿ ಮಾತನಾಡುತ್ತಿದ್ದೇನೆ. ಹಾಲಿಡೇ ಪಾರ್ಕುಗಳಲ್ಲಿ ಒಂದೇ ಕಡೆ ನಿಂತಿರುವ ಸ್ಟ್ಯಾಟಿಕ್ ಕ್ಯಾರವಾನಿನ ವ್ಯವಹಾರವೇ ಬೇರೆ, ಅದಕ್ಕೆ ವರ್ಷವರ್ಷವೂ ಪಾರ್ಕಿಗೆ ಕಟ್ಟಬೇಕಾದ ಶುಲ್ಕವೇ ಸಾವಿರಗಳಲ್ಲಿರುತ್ತದೆ.

ಕ್ಯಾರವಾನಿನ ಬೆಲೆ ಎಷ್ಟು ಎಂಬಲ್ಲಿಂದ ಯೋಚನೆ ಆರಂಭಿಸುವುದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ವರ್ಷಕ್ಕೆ ಎಷ್ಟು ರಾತ್ರಿ ಅದರಲ್ಲಿ ಮಲಗುತ್ತೇವೆ ಎಂಬುದನ್ನು ಮೊದಲು ಎಣಿಸಬೇಕು.

[ದೃಶ್ಯ: ಗೋಡೆಯ ಕ್ಯಾಲೆಂಡರ್. ಶಾಲಾ ರಜೆಗಳಿಗೆ ಹಳದಿ, ಬೆಂಗಳೂರಿನ ಪ್ರಯಾಣಕ್ಕೆ ಕೆಂಪು ಬಣ್ಣ.]

ಈ ಎಣಿಕೆಯಲ್ಲಿ ನಮ್ಮ ಸ್ಥಿತಿ ಪಕ್ಕದ ಮನೆಯ ಇಂಗ್ಲಿಷ್ ಕುಟುಂಬದ ಸ್ಥಿತಿಗಿಂತ ಭಿನ್ನವಾಗಿದೆ. ಕಾನೂನಿನ ಪ್ರಕಾರ ಪೂರ್ಣಾವಧಿ ನೌಕರರಿಗೆ ಸಿಗಬೇಕಾದ ಕನಿಷ್ಠ ವೇತನಸಹಿತ ರಜೆ, ಬ್ಯಾಂಕ್ ರಜೆಗಳೂ ಸೇರಿ, 28 ದಿನ. ಶಾಲೆಯ ಬೇಸಿಗೆ ರಜೆ ಸುಮಾರು 6 ವಾರ. ವರ್ಷ ಬಿಟ್ಟು ವರ್ಷವಾದರೂ ಊರಿಗೆ ಹೋಗುವ ಕುಟುಂಬ, ಅಜ್ಜಿ ತಾತನ ಜೊತೆ ಮಕ್ಕಳು ನಾಲ್ಕು ದಿನ ನೆಮ್ಮದಿಯಾಗಿ ಇರಲಿ ಎಂದು ಮೂರು ಮೂರೂವರೆ ವಾರವನ್ನು ಅಲ್ಲೇ ಕಳೆಯುತ್ತದೆ. ನಾಲ್ವರ ವಿಮಾನದ ಟಿಕೆಟ್ ಆಗಸ್ಟಿನಲ್ಲಿ ಸುಲಭವಾಗಿ 3,000 ಪೌಂಡ್ ದಾಟುತ್ತದೆ. ಆ ವರ್ಷ ರಜೆಯೂ ಉಳಿಯುವುದಿಲ್ಲ, ಹಣವೂ ಉಳಿಯುವುದಿಲ್ಲ, ಕ್ಯಾರವಾನ್ ನಿಂತ ಜಾಗದಲ್ಲೇ ನಿಂತಿರುತ್ತದೆ. ಶಾಲೆ ನಡೆಯುವಾಗ ಮಕ್ಕಳನ್ನು ಕರೆದುಕೊಂಡು ಹೋಗೋಣವೆಂದರೆ, ಇಂಗ್ಲೆಂಡಿನಲ್ಲಿ ಅನುಮತಿಯಿಲ್ಲದೆ 5 ಶಾಲಾ ದಿನ ತಪ್ಪಿಸಿದ ಮಗುವಿಗಾಗಿ ತಂದೆತಾಯಿಗಳಲ್ಲಿ ತಲಾ ಒಬ್ಬರಿಗೆ 80 ಪೌಂಡ್ ದಂಡ ಬೀಳಬಹುದು. 21 ದಿನದೊಳಗೆ ಕಟ್ಟದಿದ್ದರೆ ಅದು 160 ಆಗುತ್ತದೆ.

ಒಂದು ಮಾದರಿ ಕುಟುಂಬವನ್ನು ಊಹಿಸಿಕೊಳ್ಳೋಣ. ಇಲ್ಲೇ ಉಳಿಯುವ ವರ್ಷದಲ್ಲಿ ಈಸ್ಟರ್ ರಜೆಗೆ 4, ಮೇ ತಿಂಗಳ ಹಾಫ್ ಟರ್ಮಿಗೆ (ಶಾಲಾ ಅವಧಿಯ ನಡುವಿನ ರಜೆಗೆ) 5, ಬೇಸಿಗೆಗೆ 12, ಅಕ್ಟೋಬರಿಗೆ 3, ಅಲ್ಲದೆ ನಾಲ್ಕು ವಾರಾಂತ್ಯಗಳಿಗೆ ಎರಡೆರಡರಂತೆ 8, ಹೀಗೆ ಒಟ್ಟು 32 ರಾತ್ರಿ. ಊರಿಗೆ ಹೋಗುವ ವರ್ಷದಲ್ಲಿ ಈಸ್ಟರಿನ 4 ಮತ್ತು ವಾರಾಂತ್ಯಗಳ 8 ಸೇರಿ 12 ರಾತ್ರಿ. ಎರಡು ವರ್ಷದ ಸರಾಸರಿ 22.

[ದೃಶ್ಯ: ಪರದೆಯ ಮೇಲೆ ಲೆಕ್ಕ ಒಂದೊಂದೇ ಸಾಲಾಗಿ ಮೂಡುತ್ತದೆ.]

ಈಗ ಖರ್ಚಿನ ಕಡೆಗೆ ಬರೋಣ. ಇಲ್ಲಿ ಬಳಸುವ ಅಂಕಿಗಳು ಲೆಕ್ಕದ ಕ್ರಮವನ್ನು ತೋರಿಸುವುದಕ್ಕೆ ಇಟ್ಟುಕೊಂಡವು. ನಿಮ್ಮ ಊರಿನ ದರಗಳನ್ನು ಆ ಜಾಗದಲ್ಲಿ ನೀವೇ ತುಂಬಿಕೊಳ್ಳಬೇಕು. 12,000 ಪೌಂಡಿಗೆ ಹಳೆಯ ನಾಲ್ಕು ಬರ್ತಿನ ಕ್ಯಾರವಾನ್ ಕೊಂಡು, 6 ವರ್ಷದ ನಂತರ 6,000ಕ್ಕೆ ಮಾರಿದಿರಿ ಎಂದುಕೊಳ್ಳಿ. ವರ್ಷಕ್ಕೆ 1,000 ಪೌಂಡ್ ಸವಕಳಿ. ಕಾರಿಗೆ ಟೋ ಬಾರ್ (ಎಳೆಯಲು ಬೇಕಾದ ಕೊಂಡಿ), ಅಗಲದ ಕನ್ನಡಿಗಳು, ಚಕ್ರದ ಬೀಗ, ಪಕ್ಕಕ್ಕೆ ಕಟ್ಟುವ ಬಟ್ಟೆಯ ಚಪ್ಪರವಾದ ಆನಿಂಗ್ ಎಲ್ಲ ಸೇರಿ 1,800, ಅಂದರೆ ವರ್ಷಕ್ಕೆ 300. ಬಳಸದಿರುವಾಗ ನಿಲ್ಲಿಸಿಡುವ ಜಾಗದ ಬಾಡಿಗೆ 600, ವಿಮೆ 250, ವಾರ್ಷಿಕ ಸರ್ವಿಸ್ 250. ಒಟ್ಟು 2,400 ಪೌಂಡ್. ವರ್ಷಕ್ಕೆ 40 ರಾತ್ರಿ ಬಳಸುವವರಿಗೆ ಇದು ರಾತ್ರಿಗೆ 60 ಪೌಂಡ್. ನಮ್ಮ 22 ರಾತ್ರಿಯ ಕುಟುಂಬಕ್ಕೆ 109. ಪ್ರವಾಸದಲ್ಲಿ ತಂಗುವ ಕ್ಯಾರವಾನ್ ಸೈಟಿನಲ್ಲಿ ಪಿಚ್, ಅಂದರೆ ಒಂದು ಕ್ಯಾರವಾನ್ ನಿಲ್ಲುವಷ್ಟು ಜಾಗದ ಬಾಡಿಗೆ ರಾತ್ರಿಗೆ 35 ಎಂದು ಹಿಡಿದರೆ ಅದು 144 ಆಯಿತು, ಪೆಟ್ರೋಲ್ ಇನ್ನೂ ಸೇರಿಲ್ಲ. ಆಗಸ್ಟಿನಲ್ಲಿ ವಾರಕ್ಕೆ 1,200 ಪೌಂಡ್ ಕೇಳುವ ಕಾಟೇಜಿಗೆ ರಾತ್ರಿಗೆ ಬೀಳುವುದು ಸುಮಾರು 171. ಉಳಿತಾಯ ಇದೆ, ಆದರೆ ಅಂದುಕೊಂಡಷ್ಟಿಲ್ಲ; ರಜೆಯಿಲ್ಲದ ಜೂನ್ ವಾರಾಂತ್ಯದ ಸಾಧಾರಣ ಹೋಟೆಲ್ ಕೋಣೆಯ ಮುಂದೆ ಅದೂ ಇರುವುದಿಲ್ಲ.

ಪಿಚ್ ಬಾಡಿಗೆಯನ್ನು ಮಾತ್ರ ನಿಜವಾಗಿ ಇಳಿಸಬಹುದು. 1901ರಲ್ಲಿ ಆರಂಭವಾದ ಕ್ಯಾಂಪಿಂಗ್ ಅಂಡ್ ಕ್ಯಾರವಾನಿಂಗ್ ಕ್ಲಬ್ ಮತ್ತು 1907ರ ಕ್ಯಾರವಾನ್ ಅಂಡ್ ಮೋಟರ್‌ಹೋಮ್ ಕ್ಲಬ್ ಎರಡಕ್ಕೂ ಸದಸ್ಯರಿಗೆಂದೇ ಇರುವ ಸಣ್ಣ ಸೈಟುಗಳ ಜಾಲವಿದೆ. ಸಾಮಾನ್ಯವಾಗಿ ಯಾವುದೋ ರೈತರ ಹೊಲದ ಅಂಚಿನಲ್ಲಿ, ಐದೇ ಕ್ಯಾರವಾನುಗಳಿಗೆ ಜಾಗ. ಈಜುಕೊಳವಿಲ್ಲ, ಬಾರ್ ಇಲ್ಲ, ಬಾಡಿಗೆಯೂ ದೊಡ್ಡ ಸೈಟುಗಳಿಗಿಂತ ಬಹಳ ಕಡಿಮೆ.

[ದೃಶ್ಯ: ಹೊಸ ಬಡಾವಣೆಯ ಮನೆಯ ಮುಂದಿನ ಡ್ರೈವ್‌ವೇ.]

ಮನೆಯ ಮುಂದೆಯೇ ನಿಲ್ಲಿಸಿಕೊಂಡರೆ 600 ಪೌಂಡ್ ಉಳಿಯುತ್ತದಲ್ಲ ಎಂದು ಹಲವರು ಕೇಳುತ್ತಾರೆ. ಮಿಲ್ಟನ್ ಕೀನ್ಸ್, ರೆಡಿಂಗ್‌ನಂಥ ಕಡೆಗಳಲ್ಲಿ ನಮ್ಮವರು ಹೆಚ್ಚಾಗಿ ಕೊಂಡಿರುವುದು ಹೊಸ ಬಡಾವಣೆಗಳ ಮನೆಗಳನ್ನು, ಅಂಥ ಮನೆಗಳ ಕ್ರಯಪತ್ರದಲ್ಲಿ ಮುಂಭಾಗದಲ್ಲಿ ಕ್ಯಾರವಾನ್ ನಿಲ್ಲಿಸಬಾರದೆಂಬ ಕರಾರು ಇರುವುದು ತೀರಾ ಸಾಮಾನ್ಯ. ಮನೆ ಕೊಳ್ಳುವಾಗ ವಕೀಲರು ಕಳಿಸಿದ ಕಾಗದಗಳ ಕಟ್ಟನ್ನು ಒಮ್ಮೆ ಬಿಚ್ಚಿ ಓದಿ. ಬಾಡಿಗೆಯ ಜಾಗವೇ ಗತಿಯಾದರೆ, ಸುರಕ್ಷತೆಗೆ ಕಸೋವಾ (ಕ್ಯಾರವಾನ್ ನಿಲ್ಲಿಸಿಡುವ ಜಾಗಗಳ ಮಾಲೀಕರ ಸಂಘ) ಶ್ರೇಣಿ ಪಡೆದ ಜಾಗವನ್ನು ಹುಡುಕುವುದು ಒಳ್ಳೆಯದು. ಎಳೆದುಕೊಂಡು ಹೋಗುವುದಕ್ಕೆಂದೇ ತಯಾರಾದ ವಸ್ತುವನ್ನು ಕಳ್ಳರೂ ಎಳೆದುಕೊಂಡು ಹೋಗಬಲ್ಲರು, ವಿಮಾ ಕಂಪನಿಗಳು ಇದನ್ನು ಗಮನಿಸಿಯೇ ದರ ಹೇಳುತ್ತವೆ.

ಇನ್ನು ಕಾರು. 2021ರ ಡಿಸೆಂಬರ್ 16ರಿಂದ ಇಂಗ್ಲೆಂಡ್, ಸ್ಕಾಟ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಸಾಮಾನ್ಯ ಕಾರು ಲೈಸೆನ್ಸ್ ಇರುವವರೆಲ್ಲ 3,500 ಕಿಲೋ ತನಕದ ಟ್ರೇಲರನ್ನು ಎಳೆಯಬಹುದು. ಪ್ರತ್ಯೇಕ ಪರೀಕ್ಷೆ ಬೇಕಿಲ್ಲ. ಆದರೆ ಲೈಸೆನ್ಸ್ ಒಪ್ಪಿದರೂ ಕಾರು ಒಪ್ಪಬೇಕಲ್ಲ. ತುಂಬಿದ ಕ್ಯಾರವಾನಿನ ತೂಕ ಕಾರಿನ ತೂಕದ ಶೇಕಡಾ 85ನ್ನು ಮೀರದಿರಲಿ ಎಂಬುದು ಹೊಸಬರಿಗೆ ಇಲ್ಲಿ ಎಲ್ಲರೂ ಹೇಳುವ ಸಲಹೆ. 1,500 ಕಿಲೋ ಕಾರಿಗೆ ಇದು 1,275 ಕಿಲೋ ಆಗುತ್ತದೆ, ಕುಟುಂಬಕ್ಕೆ ಸಾಕಾಗುವ ಹಲವು ನಾಲ್ಕು ಬರ್ತಿನ ಕ್ಯಾರವಾನುಗಳು ಅದಕ್ಕಿಂತ ಭಾರವಾಗಿರುತ್ತವೆ. ಕೆಲವು ಹೈಬ್ರಿಡ್ ಮತ್ತು ವಿದ್ಯುತ್ ಕಾರುಗಳಿಗೆ ಎಳೆಯುವ ಅನುಮತಿಯೇ ಇಲ್ಲ. ಇರುವ ವಿದ್ಯುತ್ ಕಾರುಗಳಲ್ಲಿಯೂ ಒಂದು ಚಾರ್ಜಿಗೆ ಕ್ರಮಿಸುವ ದೂರ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಐಟಿ ಕಂಪನಿಗಳಲ್ಲಿರುವ ಅನೇಕರ ಕಾರು ಸಂಬಳದಿಂದ ಮುರಿದುಕೊಳ್ಳುವ ಲೀಸಿನದು. ಅದಕ್ಕೆ ಟೋ ಬಾರ್ ಹಾಕಿಸುವ ಮೊದಲು ಲೀಸ್ ಕಂಪನಿಯ ಒಪ್ಪಿಗೆ ಬೇಕು. ಕಾರನ್ನೇ ಬದಲಿಸಬೇಕಾಗಿ ಬಂದರೆ ಮೇಲಿನ ಲೆಕ್ಕವೆಲ್ಲ ಬುಡಮೇಲಾಗುತ್ತದೆ.

ಕ್ಯಾರವಾನ್ ಕಟ್ಟಿದ ಕಾರಿಗೆ ಮೋಟರ್‌ವೇಯಲ್ಲಿ ಗಂಟೆಗೆ 60 ಮೈಲಿ, ನಡುವೆ ವಿಭಜಕವಿಲ್ಲದ ಒಂಟಿ ರಸ್ತೆಯಲ್ಲಿ 50 ಮೈಲಿ ಮಿತಿ. ಮೂರು ಅಥವಾ ಹೆಚ್ಚು ಪಥಗಳಿರುವ ಮೋಟರ್‌ವೇಯಲ್ಲಿ ತೀರಾ ಬಲಗಡೆಯ ಪಥ ನಿಷಿದ್ಧ. ಊರಿನಿಂದ ಬಂದ ತಂದೆತಾಯಿ ಹಿಂದೆ ಆರಾಮವಾಗಿ ಮಲಗಿಕೊಂಡು ಬರಲಿ ಎಂಬ ಆಸೆಯನ್ನೂ ಕೈಬಿಡಬೇಕು; ಓಡುವಾಗ ಕ್ಯಾರವಾನಿನೊಳಗೆ ಯಾರೂ ಇರುವಂತಿಲ್ಲ. ಆರು ಬರ್ತಿನದನ್ನು ಕೊಂಡರೂ ಐದು ಸೀಟಿನ ಕಾರಿನಲ್ಲಿ ಆರನೆಯವರು ಎಲ್ಲಿ ಕೂರಬೇಕು ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

[ದೃಶ್ಯ: ಕ್ಯಾರವಾನಿನ ಅಡುಗೆಕಟ್ಟೆ. ಕುದಿಯುತ್ತಿರುವ ಸಾರು, ಆವಿ ಹಿಡಿದು ಮಸುಕಾದ ಕಿಟಕಿ.]

ನಮ್ಮ ಅಡುಗೆಯ ವಿಷಯವನ್ನು ಇಂಗ್ಲಿಷ್ ವಿಡಿಯೋಗಳು ಹೇಳುವುದಿಲ್ಲ, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಹೊರಗೆ ಹೋದಾಗಲೂ ರಾತ್ರಿ ಒಂದು ತುತ್ತು ಅನ್ನ ಸಾರು ಬೇಕೆನ್ನುವವರಿಗೆ ಕ್ಯಾರವಾನಿನ ದೊಡ್ಡ ಆಕರ್ಷಣೆ ಈ ಅಡುಗೆಕಟ್ಟೆಯೇ. ಸೈಟಿನ ವಿದ್ಯುತ್ ಹುಕ್-ಅಪ್ (ಸಂಪರ್ಕ) ಎಷ್ಟೋ ಕಡೆ 10 ಆಂಪಿನದು, ಅಂದರೆ ಒಟ್ಟು 2,300 ವಾಟ್. ಕೆಟಲ್ ಮತ್ತು ರೈಸ್ ಕುಕ್ಕರ್ ಒಟ್ಟಿಗೆ ಹಚ್ಚಿದರೆ ಟ್ರಿಪ್ ಆಗುತ್ತದೆ. ಹಾಗೆಂದು ಗ್ಯಾಸ್ ಹಚ್ಚಿದರೆ, ಒಂದು ಕಿಲೋ ಪ್ರೊಪೇನ್ ಉರಿದಾಗ ಒಂದೂವರೆ ಲೀಟರಿಗೂ ಹೆಚ್ಚು ನೀರು ಆವಿಯಾಗಿ ಹೊರಬರುತ್ತದೆ. ಪಾತ್ರೆಯಿಂದ ಏಳುವ ಹಬೆ ಬೇರೆ. ಮುಚ್ಚಿದ ಪುಟ್ಟ ಪೆಟ್ಟಿಗೆಯಲ್ಲಿ ಅದೆಲ್ಲ ತಣ್ಣನೆಯ ಗೋಡೆ ಕಿಟಕಿಗಳ ಮೇಲೆ ನೀರಾಗಿ ಕೂರುತ್ತದೆ, ಮೇಲಿನ ಕಪಾಟುಗಳ ಮೂಲೆಯಲ್ಲಿ ಕಪ್ಪು ಬೂಸ್ಟು ಹಿಡಿಯುತ್ತದೆ. ಗಾಳಿಕಿಂಡಿಗಳನ್ನು ಎಂದೂ ಮುಚ್ಚಬಾರದು, ಕಾರ್ಬನ್ ಮಾನಾಕ್ಸೈಡ್ ಅಲಾರಂ ಕೆಲಸ ಮಾಡುತ್ತಿರಬೇಕು. ಒಗ್ಗರಣೆಗೆ ಹೊರಗಡೆ ಒಂದು ಕ್ಯಾಂಪಿಂಗ್ ಒಲೆ ಇಟ್ಟುಕೊಳ್ಳುವುದು ಉತ್ತಮ, ಇಲ್ಲವಾದರೆ ಹಾಸಿಗೆಯ ಬಟ್ಟೆಗೂ ಇಂಗಿನ ವಾಸನೆ ಹತ್ತುತ್ತದೆ.

ಟಾಯ್ಲೆಟ್ಟಿನ ಕ್ಯಾಸೆಟ್ಟನ್ನು, ಅಂದರೆ ಮಲಿನ ತುಂಬುವ ಡಬ್ಬಿಯನ್ನು, ಒಂದೆರಡು ದಿನಕ್ಕೊಮ್ಮೆ ಹೊತ್ತೊಯ್ದು ಖಾಲಿ ಮಾಡುವವರು ಯಾರು ಎಂಬುದನ್ನು ಮನೆಯಲ್ಲಿ ಮೊದಲೇ ತೀರ್ಮಾನಿಸಿಕೊಂಡಿದ್ದರೆ ಒಳ್ಳೆಯದು. ಇದು ತಮಾಷೆಯ ಮಾತಲ್ಲ.

ಹಾಗಾದರೆ ಯಾರು ಕೊಳ್ಳಬಹುದು? ಎರಡು ವರ್ಷದ ಸರಾಸರಿಯಲ್ಲಿ 30 ರಾತ್ರಿಯಾದರೂ ಬಳಸುವವರು, ಈಗಿರುವ ಕಾರಿನಲ್ಲೇ ಎಳೆಯಬಲ್ಲವರು, ಮನೆಯಿಂದ ಒಂದೂವರೆ ಗಂಟೆಯೊಳಗೆ ಇಷ್ಟವಾದ ಜಾಗಗಳು ಇರುವವರು ಕೊಳ್ಳಲಿ. ಮೂರನೆಯ ಷರತ್ತನ್ನು ಹಗುರವಾಗಿ ಕಾಣಬೇಡಿ, ಏಕೆಂದರೆ ರಾತ್ರಿಗಳ ಸಂಖ್ಯೆಯನ್ನು ಹೆಚ್ಚಿಸುವುದು ದೊಡ್ಡ ಪ್ರವಾಸಗಳಲ್ಲ, ಶುಕ್ರವಾರ ಸಂಜೆ ಹೊರಟು ಭಾನುವಾರ ಮರಳುವ ಸಣ್ಣ ಪ್ರಯಾಣಗಳು. ಪ್ರತಿ ವರ್ಷವೂ ಊರಿಗೆ ಹೋಗುವವರಿಗೆ ಇದು ಬೇಡ ಎಂದೇ ನಾನು ಹೇಳುತ್ತೇನೆ. ಅವರು ಸೈಟಿನಲ್ಲೇ ಸಿದ್ಧವಾಗಿ ನಿಂತಿರುವ ಕ್ಯಾರವಾನನ್ನು ಬೇಕಾದಾಗ ಬಾಡಿಗೆಗೆ ಪಡೆಯಲಿ. ಕೊಳ್ಳುವ ಮನಸ್ಸಿರುವವರೂ ಒಮ್ಮೆ ಹಾಗೆ ಬಾಡಿಗೆಗೆ ಪಡೆದು, ಬಿಸಿಲಿನ ವಾರವನ್ನು ಆರಿಸದೆ, ಮಳೆಯ ವಾರದಲ್ಲಿ ಇದ್ದು ನೋಡುವುದು ಲೇಸು.

[ದೃಶ್ಯ: ಟಯರಿನ ಪಕ್ಕದ ಅಂಕಿಗಳು, ನಂತರ ಗೋಡೆಗೆ ಒತ್ತಿ ಹಿಡಿದ ತೇವಮಾಪಕ.]

ಹಳೆಯದನ್ನು ಕೊಳ್ಳುವುದಾದರೆ ಮಾರುವವರು ಹೆಚ್ಚಿರುವ ಅಕ್ಟೋಬರ್, ನವೆಂಬರ್ ಸೂಕ್ತ; ಆದರೆ ಚಳಿಗಾಲಕ್ಕೆ ಮುಂಚೆ ನೀರಿನ ಕೊಳವೆಗಳನ್ನು ಪೂರ್ತಿ ಬಸಿದಿಡಬೇಕು, ಇಲ್ಲವಾದರೆ ಹಿಮಗಟ್ಟಿ ಒಡೆಯುತ್ತವೆ. 1992ರಿಂದೀಚಿನ ಬ್ರಿಟಿಷ್ ತಯಾರಿಕೆಯ ಕ್ಯಾರವಾನುಗಳಿಗೆ ಕ್ರಿಸ್ ಎಂಬ ನೋಂದಣಿಯಿದ್ದು, 17 ಅಕ್ಷರ ಅಂಕಿಗಳ ಗುರುತನ್ನು ಕಿಟಕಿಗಳ ಮೇಲೂ ಕೆತ್ತಿರುತ್ತಾರೆ. ಅದು ಕಾಗದದೊಂದಿಗೆ ಹೊಂದುತ್ತದೆಯೇ, ಸಾಲ ಬಾಕಿಯಿದೆಯೇ ಎಂದು ಪರೀಕ್ಷಿಸಿ. ಟಯರಿನ ಮೇಲೆ ಕೊನೆಗೆ 2319 ಎಂದಿದ್ದರೆ ಅದು 2019ರ 23ನೇ ವಾರದ್ದು. ಓಡಿದ್ದು ಕಡಿಮೆಯಾದರೂ ಐದು ವರ್ಷ ದಾಟಿದ ಟಯರನ್ನು ಬದಲಿಸುವುದು ವಾಡಿಕೆ. ಎಲ್ಲಕ್ಕಿಂತ ದೊಡ್ಡ ಶತ್ರು ಗೋಡೆಯೊಳಗಿನ ಪಸೆ. ಕಿಟಕಿಗಳ ಕೆಳಗೆ, ಮುಂಭಾಗದ ಮೂಲೆಗಳಲ್ಲಿ, ಚಾವಣಿಯ ಬೆಳಕಿಂಡಿಯ ಸುತ್ತ ಬೆರಳಿನಿಂದ ಒತ್ತಿ ನೋಡಿ. ಹಲಗೆ ಮೆತ್ತಗಿದ್ದರೆ ಒಳಗೆ ಮರ ಕೊಳೆತಿದೆ. ತೇವಮಾಪಕ ಶೇಕಡಾ 15ರೊಳಗೆ ತೋರಿಸಿದರೆ ಚಿಂತೆಯಿಲ್ಲ, 20 ದಾಟಿದರೆ ದುರಸ್ತಿಯ ಖರ್ಚನ್ನು ಬೆಲೆಯಿಂದ ಕಳೆಯಬೇಕು. ಮಾಪಕ ಹಿಡಿಯಲು ಮಾಲೀಕರು ಒಪ್ಪದಿದ್ದರೆ ಚೌಕಾಸಿಗೆ ಇಳಿಯದೆ ಅಲ್ಲಿಂದ ಹೊರಡಿ.