ಗಾಜಿನ ಮೇಲೆ ವೇಗದ ಅಂಕಿ ಬೇಕೇ?

ಕೇಳುಗರಿಗೆ ನಮಸ್ಕಾರ.

ಟೆಸ್ಲಾದ ಮಾಡೆಲ್ ವೈ ಎಂಬ ವಿದ್ಯುತ್ ಕಾರಿನಲ್ಲಿ ಚಾಲಕನ ಸೀಟಿನಲ್ಲಿ ಕುಳಿತರೆ ಸ್ಟೀರಿಂಗ್ ಹಿಂದೆ ಬರಿಯ ಡ್ಯಾಶ್‌ಬೋರ್ಡ್ ಕಾಣುತ್ತದೆ. ವೇಗ ತೋರಿಸುವ ಮುಳ್ಳಿಲ್ಲ, ಅಂಕಿಯಿಲ್ಲ. ಎಲ್ಲವೂ ನಡುವಿನ ದೊಡ್ಡ ಪರದೆಗೆ ಗುಳೆ ಹೋಗಿವೆ. ವೋಲ್ವೋದ ಇಎಕ್ಸ್30 ವಿದ್ಯುತ್ ಕಾರಿನಲ್ಲೂ ಇದೇ ಕಥೆ. ನೋಡುವುದಕ್ಕೆ ಅಚ್ಚುಕಟ್ಟು, ತಯಾರಕರಿಗೆ ಖರ್ಚಿನಲ್ಲೂ ಉಳಿತಾಯ. ಆದರೆ ವೇಗ ಎಷ್ಟೆಂದು ತಿಳಿಯಲು ಚಾಲಕ ರಸ್ತೆಯಿಂದ ಕಣ್ಣು ತೆಗೆದು ಪಕ್ಕಕ್ಕೂ ಕೆಳಕ್ಕೂ ಹೊರಳಿಸಬೇಕು.

ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿಯಲ್ಲಿ ಕಾರಿಗೆ ಗಂಟೆಗೆ 100 ಕಿ.ಮೀ. ಮಿತಿ. ಆ ವೇಗದಲ್ಲಿ ಕಾರು ಸೆಕೆಂಡಿಗೆ ಸುಮಾರು 28 ಮೀಟರ್ ಓಡುತ್ತದೆ. ಎರಡು ಸೆಕೆಂಡು ಪರದೆ ನೋಡಿದಿರೆಂದರೆ ಐವತ್ತಕ್ಕೂ ಹೆಚ್ಚು ಮೀಟರ್ ಕುರುಡಾಗಿ ದಾಟಿದ ಹಾಗೆಯೇ.

ಪೆಟ್ರೋಲ್ ಕಾರಿಗೂ ಇದು ಅನ್ವಯಿಸುವುದಿಲ್ಲವೇ ಎಂದು ನೀವು ಕೇಳಬಹುದು. ಅನ್ವಯಿಸುತ್ತದೆ, ಆದರೆ ಅಲ್ಲಿ ಕಿವಿಯ ಸಹಾಯವೂ ಇತ್ತು. ಎಂಜಿನ್ನಿನ ಸದ್ದು ಏರುವುದು, ಗೇರ್ ಬದಲಿಸಬೇಕೆನ್ನುವ ಅದರ ಗೊಣಗಾಟ, ಕಾಲಿಗೆ ತಾಗುವ ಅದುರು ಇವೆಲ್ಲ ಸೇರಿ, ವೇಗ ಅರವತ್ತೋ ತೊಂಬತ್ತೋ ಎಂಬ ಅಂದಾಜನ್ನು ಕೇಳದೆಯೇ ಕೊಡುತ್ತಿದ್ದವು. ವಿದ್ಯುತ್ ಕಾರಿನಲ್ಲಿ ಸಾಮಾನ್ಯವಾಗಿ ಬದಲಿಸಲು ಗೇರುಗಳೇ ಇಲ್ಲ. ಮೋಟಾರು ನಿಂತಲ್ಲಿಂದಲೇ ಪೂರ್ತಿ ಬಲ ಕೊಡುತ್ತದೆ, ಅದೂ ಸದ್ದಿಲ್ಲದೆ. ಎಂಬತ್ತು ನೂರಾಗಿ, ನೂರು ನೂರಹದಿನೈದಾದದ್ದು ಚಾಲಕನಿಗಿಂತ ಮೊದಲು ಹೆದ್ದಾರಿಯ ಕ್ಯಾಮೆರಾಕ್ಕೆ ಗೊತ್ತಾಗುತ್ತದೆ. ಕಿವಿ ಮಾಡುತ್ತಿದ್ದ ಕೆಲಸವೂ ಕಣ್ಣಿನ ಪಾಲಿಗೇ ಬಂದಿರುವಾಗ ಕಣ್ಣಿಗೆ ಕಾಣುವ ಅಂಕಿಯನ್ನೇ ದೂರ ಒಯ್ದಿಟ್ಟದ್ದು ಯಾವ ಜಾಣತನವೋ ನನಗೆ ತಿಳಿಯದು.

ಹೆಡ್-ಅಪ್ ಡಿಸ್‌ಪ್ಲೇ ಇದಕ್ಕೊಂದು ಪರಿಹಾರ. ಡ್ಯಾಶ್‌ಬೋರ್ಡಿನೊಳಗೆ ಅಡಗಿರುವ ಸಣ್ಣ ಪ್ರೊಜೆಕ್ಟರ್ ಕನ್ನಡಿಗಳ ಮೂಲಕ ಅಂಕಿಯನ್ನು ಮುಂದಿನ ಗಾಜಿನ ಮೇಲೆ ಬೀಳಿಸುತ್ತದೆ. ಅಂಕಿ ಇರುವುದು ಗಾಜಿನಲ್ಲಾದರೂ ಕಾಣುವುದು ಗಾಜಿನ ಆಚೆ, ಕಣ್ಣಿನಿಂದ ಸುಮಾರು ಎರಡು ಮೀಟರ್ ದೂರದಲ್ಲಿ ತೇಲಿದಂತೆ. ನಲವತ್ತು ದಾಟಿ ಚಾಳೀಸು ಬಂದವರಿಗೆ ಇದರ ಬೆಲೆ ಗೊತ್ತು. ದೂರದ ಲಾರಿಯಿಂದ ಹತ್ತಿರದ ಮೀಟರಿಗೆ ಕಣ್ಣನ್ನು ಹೊಂದಿಸುವ ತಿಣುಕಾಟ ಬಹುಪಾಲು ತಪ್ಪುತ್ತದೆ. ಯುದ್ಧವಿಮಾನಗಳಿಗೆಂದು ಹುಟ್ಟಿದ ಈ ತಂತ್ರವನ್ನು 1988ರಲ್ಲಿ ಜನರಲ್ ಮೋಟಾರ್ಸ್ ತನ್ನ ಓಲ್ಡ್ಸ್‌ಮೊಬೈಲ್ ಕಾರಿಗೆ ತಂದಿತು. ನಮ್ಮ ಎಚ್‌ಎಎಲ್ ತಯಾರಿಸುವ ತೇಜಸ್ ವಿಮಾನದ ಪೈಲಟ್ ಮುಂದೆಯೂ ಇಂಥದೇ ಗಾಜಿದೆ. ಅದನ್ನು ರೂಪಿಸಿದ್ದು ಚಂಡೀಗಢದ ಕೇಂದ್ರೀಯ ವೈಜ್ಞಾನಿಕ ಉಪಕರಣಗಳ ಸಂಸ್ಥೆ.

ವಿಮಾನದಿಂದಲೇ ಒಂದು ಎಚ್ಚರಿಕೆಯೂ ಬಂದಿದೆ. ಅಮೆರಿಕದ ನಾಸಾ ಸಂಸ್ಥೆ ಹಾರಾಟವನ್ನು ನೆಲದ ಮೇಲೆಯೇ ಅನುಕರಿಸುವ ಸಿಮ್ಯುಲೇಟರಿನಲ್ಲಿ ಪ್ರಯೋಗ ಮಾಡಿದಾಗ, ಗಾಜಿನ ಮೇಲಿನ ಅಂಕಿಗಳಲ್ಲಿ ಮುಳುಗಿದ್ದ ಕೆಲವು ಪೈಲಟ್‌ಗಳಿಗೆ ಇಳಿಯಬೇಕಾದ ಓಡುದಾರಿಯ ಮೇಲೆ ಅಡ್ಡ ನಿಂತಿದ್ದ ಇನ್ನೊಂದು ವಿಮಾನವೇ ಕಾಣಲಿಲ್ಲ. ನೋಟ ಮುಂದೆಯೇ ಇತ್ತು, ಗಮನ ಮಾತ್ರ ಅಂಕಿಯಲ್ಲಿತ್ತು. ಆದ್ದರಿಂದ ರಸ್ತೆಯ ಮೇಲೆ ಬಾಣಗಳನ್ನು ತೇಲಿಸುವ, ಹಾಡಿನ ಹೆಸರನ್ನೂ ಕರೆ ಮಾಡಿದವರ ಹೆಸರನ್ನೂ ಗಾಜಿಗೆ ತರುವ ಉತ್ಸಾಹ ನನಗೆ ಹಿಡಿಸದು. ವೇಗ, ವೇಗದ ಮಿತಿ, ಮುಂದಿನ ತಿರುವು: ಇಷ್ಟು ಸಾಕು. ಬ್ಯಾಟರಿಯ ಶೇಕಡಾವಾರು ಕೂಡ ಅಲ್ಲಿ ಬೇಡ. ಅದು ನಿಧಾನವಾಗಿ ಇಳಿಯುವಂಥದ್ದು. ಚಾರ್ಜಿಂಗ್ ಕೇಂದ್ರ ಸಿಗುತ್ತದೋ ಇಲ್ಲವೋ ಎಂಬ ಆತಂಕವನ್ನು ಕಣ್ಣೆದುರೇ ನೇತುಹಾಕಿಕೊಂಡು ಹೋಗುವುದು ಯಾಕೆ?

ಮಾರುಕಟ್ಟೆ ನಡೆಯುತ್ತಿರುವ ರೀತಿ ವಿಚಿತ್ರ. 2024ರ ನವೆಂಬರಿನಲ್ಲಿ ಬಂದ ಮಹೀಂದ್ರಾದ ಬಿಇ 6 ಕಾರಿನಲ್ಲಿ ಚಾಲಕನ ಎದುರು ಒಳ್ಳೆಯ ಪರದೆಯೇ ಇದೆ. ಮೇಲಿನ ಶ್ರೇಣಿ ಕೊಂಡರೆ ಗಾಜಿನ ಮೇಲೂ ಚಿತ್ರ ಬರುತ್ತದೆ. ಎದುರು ಏನೂ ಇಲ್ಲದ ಆ ಟೆಸ್ಲಾ, ವೋಲ್ವೋ ಕಾರುಗಳಲ್ಲಿ ಗಾಜಿನ ಮೇಲೂ ಏನಿಲ್ಲ. ಉಂಡವನಿಗೇ ಮತ್ತೆ ಪಾಯಸ ಬಡಿಸಿದಂತಾಗಿದೆ. ನನ್ನನ್ನು ಕೇಳಿದರೆ, ಸ್ಟೀರಿಂಗ್ ಹಿಂದೆ ಮೀಟರ್ ಇಡದ ಕಾರಿಗೆ ಹೆಡ್-ಅಪ್ ಡಿಸ್‌ಪ್ಲೇ ಕಡ್ಡಾಯವಾಗಬೇಕು, ಅದೂ ಎಲ್ಲಕ್ಕಿಂತ ಅಗ್ಗದ ಮಾದರಿಯಿಂದಲೇ. ಮೀಟರ್ ಇರುವ ಕಾರಿನಲ್ಲಿ ಅದು ಕೊಳ್ಳುವವರ ಇಷ್ಟ. ಬ್ಯಾಟರಿ ಖರ್ಚಾಗುತ್ತದೆಂಬ ನೆಪ ನಡೆಯುವುದಿಲ್ಲ. ಎಸಿ ಎಳೆಯುವ ವಿದ್ಯುತ್ತಿನ ಮುಂದೆ ಇದು ಲೆಕ್ಕಕ್ಕೇ ಇಲ್ಲ.

ಕೊಳ್ಳುವವರು ಒಂದೆರಡು ಸಂಗತಿ ಪರೀಕ್ಷಿಸಿಕೊಳ್ಳಬೇಕು. ಪೋಲರಾಯ್ಡ್ ತಂಪುಕನ್ನಡಕ ಹಾಕಿದರೆ ಹಲವು ಕಾರುಗಳಲ್ಲಿ ಈ ಅಂಕಿ ಮಂಕಾಗುತ್ತದೆ, ಕೆಲವೊಮ್ಮೆ ಮಾಯವೇ ಆಗುತ್ತದೆ. ನಿಮ್ಮದೇ ಕನ್ನಡಕ ಹಾಕಿಕೊಂಡು, ಷೋರೂಮಿನ ನೆರಳಿನಿಂದ ಕಾರನ್ನು ನಡುಮಧ್ಯಾಹ್ನದ ಬಿಸಿಲಿಗೆ ತಂದು ನೋಡಿ. ಇನ್ನೊಂದು ಸಂಗತಿ ಗಾಜಿನದು. ಅಂಕಿ ಎರಡೆರಡಾಗಿ ಕಾಣದಿರಲೆಂದು ಇಂಥ ಅನೇಕ ಕಾರುಗಳ ಗಾಜಿನ ಪದರಗಳ ನಡುವೆ ಮೇಲಿನಿಂದ ಕೆಳಕ್ಕೆ ದಪ್ಪ ಬದಲಾಗುವ ಹಾಳೆ ಇರುತ್ತದೆ. ಜಲ್ಲಿ ಲಾರಿಯಿಂದ ಕಲ್ಲು ಸಿಡಿದು ಗಾಜು ಬಿರುಕು ಬಿಟ್ಟಾಗ ಗ್ಯಾರೇಜಿನವರು ಸಾದಾ ಗಾಜು ಕೂರಿಸಿದರೆ ಎಂಬತ್ತರ ಹಿಂದೆ ಇನ್ನೊಂದು ಎಂಬತ್ತು ನೆರಳಿನಂತೆ ಮೂಡುತ್ತದೆ. ಸರಿಯಾದ ಗಾಜಿನ ಬೆಲೆಯೆಷ್ಟು, ವಿಮೆಯಲ್ಲಿ ಅದು ಪೂರ್ತಿ ಸಿಗುತ್ತದೆಯೇ ಎಂಬುದನ್ನು ಮುಂಗಡ ಕೊಡುವ ಮೊದಲೇ ಕೇಳಿ, ಬರೆಸಿಕೊಳ್ಳಿ.

ನಮಸ್ಕಾರ.