ಸಲಹೆಯೂ ಒಂದು ಮುಯ್ಯಿ

ನಮಸ್ಕಾರ. ಇವತ್ತು ಒಂದು ಕೆಂಪು ಸ್ಟಾರ್‌ನಿಂದ ಶುರು ಮಾಡುತ್ತೇನೆ. ಆನ್‌ಲೈನ್ ಅರ್ಜಿ ತುಂಬುವಾಗ ಕೆಲವು ಕಾಲಂ ಪಕ್ಕ ಪುಟ್ಟದಾಗಿ ಇರುತ್ತದಲ್ಲ, ಅದೇ. ಆ ಕಾಲಂ ತುಂಬದೆ ಅರ್ಜಿ ಮುಂದಕ್ಕೆ ಹೋಗುವುದಿಲ್ಲ.

ನಾನು ಪಾಠ ಮಾಡುತ್ತಿದ್ದ ಕಾಲೇಜಿಗೆ ಕೆಲವು ವರ್ಷಗಳ ಹಿಂದೆ ಅಡ್ಮಿಷನ್ ಸಾಫ್ಟ್‌ವೇರ್ ಬಂತು. ಅದರ ಹಿಂದೆಯೇ ಒಂದು ಸಲಹಾ ಸಮಿತಿಯೂ ಬಂತು. ಸಂಬಳ ಇಲ್ಲ, ಭತ್ಯೆ ಇಲ್ಲ, ಇಷ್ಟ ಇದ್ದವರು ಬನ್ನಿ ಅಂದರು. ಏಳು ಜನ ಸೇರಿದೆವು, ಏಳೂ ಜನ ಮೇಷ್ಟ್ರುಗಳೇ. ಮೊದಲ ಮೀಟಿಂಗಿಗೆ ಉಪ್ಪಿಟ್ಟು, ಕೇಸರಿಬಾತ್. ಕಂಪನಿಯವರು ಪರದೆ ಮೇಲೆ ಒಂದೊಂದೇ ಪುಟ ತೋರಿಸಿದರು. ನಾವು ಬಣ್ಣ ಚೆನ್ನಾಗಿದೆ, ಅಕ್ಷರ ಸ್ವಲ್ಪ ದೊಡ್ಡದಿರಲಿ ಅಂತೆಲ್ಲ ಹೇಳಿದೆವು.

ಆಗ ಆಫೀಸಿನ ಎಸ್‌ಡಿಎ ಮೇಡಂ ಯಾವುದೋ ಫೈಲಿಗೆ ಸಹಿ ಹಾಕಿಸಲು ಒಳಗೆ ಬಂದರು. ಪರದೆ ನೋಡಿ ಅಲ್ಲೇ ನಿಂತರು. "ಸರ್, ಈ ಲಾಸ್ಟ್ ನೇಮ್‌ಗೆ ಯಾಕೆ ಸ್ಟಾರ್ ಹಾಕಿದ್ದಾರೆ? ನಮ್ಮ ಮಕ್ಕಳಿಗೆ ಲಾಸ್ಟ್ ನೇಮ್ ಎಲ್ಲಿದೆ?"

ಯಾರಿಗೂ ಮಾತು ಹೊರಡಲಿಲ್ಲ. ಮಜಾ ಏನು ಗೊತ್ತಾ? ಆ ಏಳು ಜನರಲ್ಲಿ ಐದು ಜನ ಇನಿಷಿಯಲ್ ಇಟ್ಟುಕೊಂಡವರು! ಮಂಜುನಾಥ ಎಚ್. ಕೆ. ಅಂದರೆ ಎಚ್ ಊರಿಗೆ, ಕೆ ಅಪ್ಪನ ಹೆಸರಿಗೆ. ಎಸ್ಎಸ್ಎಲ್‌ಸಿ ಮಾರ್ಕ್ಸ್ ಕಾರ್ಡಿನಲ್ಲೂ ಹಾಗೇ ಇರುತ್ತದೆ. ನಮ್ಮದೇ ಹೆಸರು ಆ ಅರ್ಜಿಯೊಳಗೆ ಹಿಡಿಸುವುದಿಲ್ಲ ಅನ್ನುವುದು ನಮಗೆ ಕಾಣಲಿಲ್ಲ. ಪ್ರತಿ ವರ್ಷ ಸಾಲಿನಲ್ಲಿ ನಿಂತ ಮಕ್ಕಳ ಹೆಸರು ಬರೆದುಕೊಳ್ಳುವ ಆಕೆಗೆ ಒಂದೇ ನೋಟಕ್ಕೆ ಕಂಡಿತು.

ಅದನ್ನು ನಡಾವಳಿಯಲ್ಲಿ ಬರೆಸಿದೆವು. ಕಂಪನಿಯವರು "ನೋಟ್ ಮಾಡಿಕೊಂಡಿದ್ದೇವೆ" ಅಂದರು. ಅಡ್ಮಿಷನ್ ಶುರುವಾಯಿತು. ಸ್ಟಾರ್ ಎಲ್ಲಿತ್ತೋ ಅಲ್ಲೇ ಇತ್ತು. ಒಬ್ಬಳು ಲಾಸ್ಟ್ ನೇಮ್ ಜಾಗದಲ್ಲಿ ಒಂದು ಚುಕ್ಕೆ ಇಟ್ಟಳು. ಒಬ್ಬ ಅಪ್ಪನ ಹೆಸರು ಹಾಕಿದ. ಇನ್ನೊಬ್ಬ ತನ್ನ ಹೆಸರನ್ನೇ ಎರಡು ಸಲ ಬರೆದ. ಆಮೇಲೆ ಸ್ಕಾಲರ್‌ಶಿಪ್ ಅರ್ಜಿ ಹಾಕುವಾಗ ಆಧಾರ್‌ನಲ್ಲಿ ಒಂದು ಹೆಸರು, ಕಾಲೇಜಿನಲ್ಲಿ ಇನ್ನೊಂದು. ಅದನ್ನೆಲ್ಲ ಕೈಯಾರೆ ತಿದ್ದುತ್ತಾ ರಾತ್ರಿ ಎಂಟರವರೆಗೆ ಕೂತವರು ಯಾರು? ಅದೇ ಮೇಡಂ.

ಸಾಫ್ಟ್‌ವೇರ್ ಕೆಟ್ಟದ್ದು ಅನ್ನುವುದು ನನ್ನ ತಕರಾರಲ್ಲ. ಸಾಫ್ಟ್‌ವೇರ್ ಅಂದಮೇಲೆ ತಪ್ಪು ಇರುತ್ತದೆ. ನಮ್ಮ ಸಲಹೆ ಏನಾಯಿತು ಅಂತ ಯಾರೂ ವಾಪಸ್ ಹೇಳಲಿಲ್ಲ, ತಕರಾರು ಅದು. ಆಗುವುದಿಲ್ಲ ಅಂದಿದ್ದರೂ ಪರವಾಗಿರಲಿಲ್ಲ. ದುಡ್ಡು ಜಾಸ್ತಿ ಆಗುತ್ತೆ ಅಂದಿದ್ದರೂ ಸರಿ. ಏನೂ ಇಲ್ಲ.

ಈಗ ಒಂದು ಬೇರೆ ಊರಿನ ವಿಷಯ. ನ್ಯೂಜಿಲೆಂಡ್‌ನ ಹೊರೊಫೆನುವಾ ಎಂಬ ಕಡೆಯ ಲೈಬ್ರರಿಯವರಿಗೆ 1999ರಲ್ಲಿ ಒಂದು ತಲೆನೋವು ಬಂತು. ಪುಸ್ತಕಗಳ ಲೆಕ್ಕ ಇಡುವ ಅವರ ಹಳೆಯ ಸಾಫ್ಟ್‌ವೇರ್ 2000ನೇ ಇಸವಿ ದಾಟುವ ಹಾಗಿರಲಿಲ್ಲ. ಕಟಿಪೊ ಎಂಬ ಸಣ್ಣ ಕಂಪನಿಯಿಂದ ಹೊಸದು ಬರೆಸಿದರು. 2000ದ ಜನವರಿಯಲ್ಲಿ ಅದು ಕೆಲಸ ಶುರು ಮಾಡಿತು. ಆಮೇಲೆ ಯಾರು ಬೇಕಾದರೂ ಬಳಸಿ ಅಂತ ಬಿಟ್ಟುಕೊಟ್ಟರು. ಅದೇ ಕೊಹಾ. ಇವತ್ತು ಕರ್ನಾಟಕದ ಎಷ್ಟೋ ಕಾಲೇಜು ಲೈಬ್ರರಿಗಳಲ್ಲಿ ಓಡುತ್ತಿರುವುದು ಅದೇ.

ಕೊಹಾ ಅನ್ನುವುದು ಮಾವೋರಿ ಮಾತು. ಉಡುಗೊರೆ ಅಂತ ಅರ್ಥ. ಆದರೆ ಸುಮ್ನೆ ಕೊಟ್ಟು ಮರೆಯುವ ಉಡುಗೊರೆ ಅಲ್ಲ. ಮನೆಗೆ ಬಂದ ನೆಂಟರು ತರುವುದು, ಮುಂದೆ ಒಂದು ದಿನ ಆ ಮನೆಯವರು ಇವರ ಮನೆಗೆ ಒಯ್ಯುವುದು. ನಮ್ಮ ಮದುವೆ ಮನೆಯ ಮುಯ್ಯಿ, ಅಲ್ವಾ? ಯಾರು ಎಷ್ಟು ಮುಯ್ಯಿ ಮಾಡಿದರು ಅಂತ ಪುಸ್ತಕದಲ್ಲಿ ಬರೆದಿಡುತ್ತೇವೆ, ತಿರುಗಿ ಮಾಡಬೇಕಲ್ಲ.

ಕೊಹಾದಲ್ಲಿ ಆ ಪುಸ್ತಕ ನಿಜವಾಗಿಯೂ ಇದೆ. ಯಾವ ಊರಿನ ಲೈಬ್ರರಿಯವರಾದರೂ ಒಂದು ತೊಂದರೆ ಬರೆದರೆ ಅದಕ್ಕೊಂದು ನಂಬರ್ ಬೀಳುತ್ತದೆ. ಯಾರು ನೋಡಿದರು, ಯಾರು ಬೇಡ ಅಂದರು, ಯಾಕೆ ಅಂದರು, ಎಲ್ಲ ಎಲ್ಲರಿಗೂ ಕಾಣುತ್ತದೆ. ಆರು ತಿಂಗಳಿಗೊಮ್ಮೆ ಹೊಸ ಆವೃತ್ತಿ ಬರುತ್ತದೆ. ನೀವು ಹೇಳಿದ್ದು ಅದರಲ್ಲಿ ಸೇರಿತೋ ಇಲ್ಲವೋ ನೀವೇ ನೋಡಿಕೊಳ್ಳಬಹುದು. ಹಾಗಂತ ಎಲ್ಲವೂ ಸರಿಹೋಗುತ್ತದೆ ಅಂತಲ್ಲ. ವರ್ಷಗಟ್ಟಲೆ ಹಾಗೇ ಬಿದ್ದಿರುವ ನಂಬರುಗಳೂ ಇವೆ. ಆದರೆ ಬಿದ್ದಿವೆ ಅನ್ನುವುದಾದರೂ ಗೊತ್ತಾಗುತ್ತದೆ.

ಮೂಡಲ್‌ನವರದು ಇನ್ನೊಂದು ದಾರಿ. ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಮಾರ್ಟಿನ್ ಡೌಗಿಯಾಮಸ್ ಶುರು ಮಾಡಿ, 2002ರಲ್ಲಿ ಮೊದಲ ಆವೃತ್ತಿ ಬಿಟ್ಟ, ಆನ್‌ಲೈನ್ ಪಾಠ ನಡೆಸುವ ಸಾಫ್ಟ್‌ವೇರ್ ಅದು. ಅದನ್ನು ಬಳಸುವವರದೇ ಒಂದು ಸಂಘ ಇದೆ. ಸದಸ್ಯರು ಚಂದಾ ಕೊಡುತ್ತಾರೆ, ಯಾವ ಕೆಲಸ ಮೊದಲು ಆಗಬೇಕು ಅಂತ ಓಟು ಹಾಕುತ್ತಾರೆ. ಗೆದ್ದ ಕೆಲಸಕ್ಕೆ ಆ ದುಡ್ಡು ಹೋಗುತ್ತದೆ. ಚಂದಾ ಕೊಡಲಾಗದ ಸಣ್ಣ ಕಾಲೇಜಿನ ಗತಿ ಏನು ಅಂತ ಕೇಳಬಹುದು. ಕೇಳಲೇಬೇಕು.

ನಮ್ಮಲ್ಲಿ ಎಷ್ಟೋ ಸಮಿತಿಗಳು ಹುಟ್ಟುವುದೇ ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಯ ಫೈಲಿಗಾಗಿ. ಆಡಳಿತ, ಹಣಕಾಸು, ಅಡ್ಮಿಷನ್, ಪರೀಕ್ಷೆ ಇವುಗಳಲ್ಲಿ ಇ-ಆಡಳಿತ ಇದೆಯಾ ಅಂತ ನ್ಯಾಕ್ ಕೇಳುತ್ತದೆ. ಅದಕ್ಕೊಂದು ಸಮಿತಿ, ಒಂದು ಫೋಟೋ, ಎರಡು ಪುಟ ನಡಾವಳಿ. ಇಷ್ಟ ಇದ್ದವರು ಬನ್ನಿ ಅನ್ನುವುದೂ ಅಷ್ಟೇ. ಅತಿಥಿ ಉಪನ್ಯಾಸಕರನ್ನು ಕರೆದು "ನೀವೂ ಇರಿ" ಅಂದರೆ ಅವರು ಒಲ್ಲೆ ಅನ್ನಲು ಆಗುತ್ತದಾ? ಮುಂದಿನ ವರ್ಷ ಮತ್ತೆ ಕರೆಯುತ್ತಾರೋ ಇಲ್ಲವೋ ಅನ್ನುವ ಭಯ ಇರುವವರು ಅವರು. ಆ ಸಮಿತಿಯಲ್ಲಿ ಸ್ವಂತ ಇಷ್ಟದಿಂದ ಬಂದವರು ಎಷ್ಟು ಜನ ಅಂತ ನನಗೆ ಅನುಮಾನ.

ಕಂಪನಿಗಳೇ ಕಟ್ಟುವ ಬಳಕೆದಾರರ ಮಂಡಳಿಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಬ್ಯಾಗು, ಟೀ ಶರ್ಟು ತಗೊಂಡು ಬಂದವರು ಆಮೇಲೆ ಆ ಕಂಪನಿಯ ವಿರುದ್ಧ ಮಾತಾಡಿದ್ದನ್ನು ನಾನಂತೂ ನೋಡಿಲ್ಲ.

ಇನ್ನು ಲೈಬ್ರರಿ ಸಹಾಯಕರು. ನಮ್ಮ ಹುಡುಗಿಯೊಬ್ಬಳು ಮೊಬೈಲಿನಲ್ಲಿ ಕನ್ನಡದಲ್ಲೇ ‘ಬೇಂದ್ರೆ’ ಅಂತ ಹುಡುಕಿದಳು. ಸೊನ್ನೆ ಪುಸ್ತಕ ಅಂತ ಬಂತು. ಕಪಾಟಿನಲ್ಲಿ ಒಂದು ಸಾಲು ತುಂಬ ಬೇಂದ್ರೆ! ಕ್ಯಾಟಲಾಗಿನಲ್ಲಿ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಮಾತ್ರ ಹಾಕಿದ್ದರು. ಈ ವಿಷಯ ಸಹಾಯಕರಿಗೆ ಮೊದಲಿಂದ ಗೊತ್ತಿತ್ತಂತೆ. "ಯಾಕೆ ಹೇಳಲಿಲ್ಲ?" ಅಂದೆ. "ಯಾರು ಕೇಳಿದ್ರು ಸರ್?" ಅಂದರು.

ಹೋದ ತಿಂಗಳು ಬೇರೊಂದು ಕಡೆಯಿಂದ ನನಗೆ ಪತ್ರ ಬಂತು, ಇಂಥದ್ದೇ ಸಮಿತಿಗೆ ಬನ್ನಿ ಅಂತ. ನಾನು ಎರಡು ಪ್ರಶ್ನೆ ಬರೆದು ಕಳಿಸಿದೆ. ಸಾಫ್ಟ್‌ವೇರ್ ಕೊಳ್ಳುವುದಕ್ಕೆ ಮುಂಚೆ ಸಮಿತಿಯನ್ನು ಕೇಳುತ್ತೀರಾ, ಕೊಂಡ ಮೇಲಾ? ಆಫೀಸಿನಿಂದ, ಲೈಬ್ರರಿಯಿಂದ ಯಾರಿದ್ದಾರೆ?

ಇನ್ನೂ ಉತ್ತರ ಬಂದಿಲ್ಲ. ಬಂದರೆ ಮುಂದಿನ ಸಲ ಓದಿ ಹೇಳುತ್ತೇನೆ.